ಗ್ಯೋಂಗ್ಜುವಿನ 10 ಮತ್ತು 11ನೇ ನಂಬರ್ ಬಸ್: ಚೆರ್ರಿ ಹೂವಿನ ಕಾಲದ ಟ್ರಿಪ್‌ಗೆ ಇವೆರಡೇ ಸಾಕು

ಚೆರ್ರಿ ಹೂವಿನ ಕಾಲದಲ್ಲಿ ಕೊರಿಯಾದ ಗ್ಯೋಂಗ್ಜು ನೋಡಬೇಕು ಅಂತ ಪ್ಲಾನ್ ಮಾಡುತ್ತಿದ್ದೀರಾ? ಹಾಗಿದ್ದರೆ ಬುಸಾನ್‌ನಿಂದ ಒಂದೇ ದಿನದಲ್ಲಿ ತೋರಿಸಿ ವಾಪಸ್ ಕರೆದುಕೊಂಡು ಬರುವ ಪ್ಯಾಕೇಜ್ ತಗೋಬೇಡಿ. ಕಾರೂ ಬಾಡಿಗೆಗೆ ಹಿಡಿಯಬೇಡಿ. ಊರೊಳಗೆ ಎರಡು ರಾತ್ರಿ ಉಳಿದುಕೊಳ್ಳಿ, 10 ಮತ್ತು 11ನೇ ನಂಬರಿನ ಸಿಟಿ ಬಸ್ ಹತ್ತಿ. ನಾನು ಅಮ್ಮನನ್ನು ಕರೆದುಕೊಂಡು ಹೋಗಿ ಬಂದದ್ದು ಹೀಗೆಯೇ. ಮಂಡಿ ನೋವಿರುವ ಅಮ್ಮನೇ ಆರಾಮಾಗಿ ಓಡಾಡಿದರು ಅಂದಮೇಲೆ ಈ ಬಸ್ಸುಗಳ ಬಗ್ಗೆ ಯಾರಾದರೂ ಕನ್ನಡದಲ್ಲಿ ಸರಿಯಾಗಿ ಬರೆಯಲೇಬೇಕು ಅನ್ನಿಸಿತು.

ಗ್ಯೋಂಗ್ಜು ಸಿಲ್ಲಾ ಎಂಬ ಹಳೆಯ ಕೊರಿಯನ್ ರಾಜ್ಯದ ರಾಜಧಾನಿಯಾಗಿತ್ತು. ಸಂಪ್ರದಾಯದ ಲೆಕ್ಕದಲ್ಲಿ ಕ್ರಿ.ಪೂ. 57ರಿಂದ ಕ್ರಿ.ಶ. 935ರವರೆಗೆ, ಹತ್ತಿರ ಹತ್ತಿರ ಸಾವಿರ ವರ್ಷ ಒಂದೇ ರಾಜ್ಯದ ಊರು. ಈಗಲೂ ಊರ ನಡುವೆಯೇ ರಾಜರ ಸಮಾಧಿಗಳು ಹಸಿರು ಹುಲ್ಲಿನ ಗುಡ್ಡಗಳಾಗಿ ಕೂತಿವೆ, ಅವುಗಳ ಪಕ್ಕದಲ್ಲೇ ಕಾಫಿ ಅಂಗಡಿ, ಸ್ಕೂಲು, ಮನೆ. ಸುತ್ತಮುತ್ತ ಎತ್ತರದ ಕಟ್ಟಡ ಕಟ್ಟಲು ಬಿಡುವುದಿಲ್ಲ, ಹಾಗಾಗಿ ಎಲ್ಲಿ ನಿಂತರೂ ಆಕಾಶ ಕಾಣುತ್ತದೆ. ಪೆಟ್ರೋಲ್ ಬಂಕಿಗೂ ಹೆಂಚಿನ ಮಾಡು ಹಾಕಿರುವ ಊರಿದು.

ನೋಡಬೇಕಾದ ಜಾಗಗಳು ಮೂರು ಗುಂಪಾಗಿವೆ. ಒಂದು ಊರ ಮಧ್ಯ: ಸಮಾಧಿಗಳ ಡೆರುಂಗ್ವೊನ್ ಪಾರ್ಕ್, ನಕ್ಷತ್ರ ನೋಡಲು ಕಟ್ಟಿದ ಹಳೆಯ ಗೋಪುರ ಚೊಮ್ಸೊಂಗ್ಡೆ, ವೊಲ್ಜಿ ಕೊಳ, ಮ್ಯೂಸಿಯಂ. ಇನ್ನೊಂದು ಪೂರ್ವಕ್ಕಿರುವ ಬೊಮುನ್ ಕೆರೆ. ಮೂರನೆಯದು ತೊಹಾಮ್ಸಾನ್ ಬೆಟ್ಟದ ಬುಡದಲ್ಲಿರುವ ಬುಲ್ಗುಕ್ಸಾ ದೇವಾಲಯ. ಈ ಮೂರನ್ನೂ ಒಂದು ಸುತ್ತಿನಲ್ಲಿ ಸೇರಿಸುವುದೇ 10 ಮತ್ತು 11. ದಾರಿ ಹೆಚ್ಚುಕಡಿಮೆ ಒಂದೇ, ಸುತ್ತುವ ದಿಕ್ಕು ಮಾತ್ರ ಉಲ್ಟಾ.

ಇದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಪ್ಲಾನ್ ಮುಗಿದ ಹಾಗೆ. 11 ಬಸ್ ಟರ್ಮಿನಲ್ ಕಡೆಯಿಂದ ಹೊರಟು ಮ್ಯೂಸಿಯಂ ದಾಟಿ ಮೊದಲು ಬುಲ್ಗುಕ್ಸಾಗೆ ಹೋಗುತ್ತದೆ, ಆಮೇಲೆ ಬೊಮುನ್ ಕೆರೆ, ಬುನ್‌ಹ್ವಾಂಗ್ಸಾ ದೇವಾಲಯ ಹಾದು ಊರಿಗೆ ವಾಪಸ್. 10 ಮೊದಲು ಬೊಮುನ್ ಕಡೆ ಹೋಗಿ, ಆಮೇಲೆ ಬುಲ್ಗುಕ್ಸಾ ಮುಟ್ಟಿ, ಮ್ಯೂಸಿಯಂ ದಾರಿಯಲ್ಲಿ ಊರಿಗೆ ಬರುತ್ತದೆ. ಊರಿಂದ ಸೀದಾ ಬುಲ್ಗುಕ್ಸಾಗೆ ಹೋಗಬೇಕಾದವರಿಗೆ 11 ಬೇಗ, ಬುಲ್ಗುಕ್ಸಾದಿಂದ ಊರಿಗೆ ಬರಬೇಕಾದವರಿಗೆ 10 ಬೇಗ. ಹೋಗುವಾಗ ಹತ್ತಿದ ನಂಬರನ್ನೇ ಬರುವಾಗಲೂ ಹತ್ತಿದರೆ ಇಡೀ ಸುತ್ತು ಹಾಕಿಕೊಂಡು ಬರುತ್ತೀರಿ. ಟೈಮ್ ಇದ್ದರೆ ಅದೂ ಒಳ್ಳೆಯದೇ, ಕಿಟಕಿ ಪಕ್ಕ ಕೂತರೆ ಕೆರೆ, ಹೊಲ, ಬೆಟ್ಟ ಎಲ್ಲ ಪುಕ್ಕಟೆ ನೋಡಬಹುದು.

ಮಾಮೂಲಿ ದಿನಗಳಿಗೆ 11 ಹಿಡಿದು ಮೊದಲು ಬುಲ್ಗುಕ್ಸಾ ನೋಡಿ, ಮಧ್ಯಾಹ್ನ ಬೊಮುನ್ ಕೆರೆಗೆ ಬನ್ನಿ. ಆದರೆ ಹೂವು ಪೂರ್ತಿ ಅರಳಿದ ಶನಿವಾರ, ಭಾನುವಾರ ಇದನ್ನು ತಿರುಗಿಸಿ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ಕೊರಿಯಾದ ಎಲ್ಲ ಕಡೆಯಿಂದಲೂ ಜನ ಕಾರು ತಗೊಂಡು ಬೊಮುನ್‌ಗೆ ಬರುತ್ತಾರೆ, ಹೊತ್ತು ಏರಿದ ಹಾಗೆ ಕೆರೆ ಸುತ್ತಲಿನ ರಸ್ತೆ ಜಾಮ್ ಆಗುತ್ತದೆ, ಆ ಜಾಮ್‌ನಲ್ಲಿ ಬಸ್ಸೂ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ದಿನ ಬೆಳಗ್ಗೆ ಬೇಗ 10 ಹತ್ತಿ. ಜನ ಬರುವ ಮೊದಲೇ ಕೆರೆ ದಂಡೆಯಲ್ಲಿ ನಡೆದು, ಅದೇ ನಂಬರಿನ ಮುಂದಿನ ಬಸ್ಸಲ್ಲಿ ಬುಲ್ಗುಕ್ಸಾಗೆ ಹೋಗಿ, ಅಲ್ಲಿಂದ ಮತ್ತೆ 10ರಲ್ಲೇ ಮ್ಯೂಸಿಯಂ ಕಡೆಯಿಂದ ಊರಿಗೆ ಬನ್ನಿ. ಮಧ್ಯಾಹ್ನದ ಹೊತ್ತಿಗೆ ಬೊಮುನ್ ನಿಮ್ಮ ಹಿಂದೆ ಉಳಿದಿರುತ್ತದೆ. ಬಾಡಿಗೆ ಕಾರು ಬೇಡ ಅಂದಿದ್ದೂ ಇದಕ್ಕೇ. ಆ ದಿನಗಳಲ್ಲಿ ಪಾರ್ಕಿಂಗ್ ಹುಡುಕುವುದೇ ಒಂದು ಕೆಲಸ.

ಇನ್ನು ಬಸ್ಸಿನ ವಿಷಯ. ಬಸ್ಸುಗಳು ಕ್ಲೀನಾಗಿವೆ, ಮುಖ್ಯ ಸ್ಟಾಪ್‌ಗಳ ಹೆಸರು ಇಂಗ್ಲಿಷ್‌ನಲ್ಲೂ ಕೂಗುತ್ತದೆ. ಟಿಕೆಟ್ ಎರಡು ಸಾವಿರ ವಾನ್ ಒಳಗೇ. ಕನ್ವೀನಿಯನ್ಸ್ ಸ್ಟೋರಲ್ಲಿ ಸಿಗುವ ಟಿ-ಮನಿ ಕಾರ್ಡ್ ತಗೊಂಡು ದುಡ್ಡು ತುಂಬಿಸಿಟ್ಟುಕೊಳ್ಳಿ. ತುಂಬಿಸಲು ನೋಟು ಇರಲಿ, ಕ್ರೆಡಿಟ್ ಕಾರ್ಡ್ ನಂಬಿ ಹೋಗಬೇಡಿ. ಸಿಯೋಲ್‌ನಲ್ಲಿ ಮೆಟ್ರೋಗೆ ಬಳಸಿದ ಅದೇ ಕಾರ್ಡ್ ಇಲ್ಲೂ ನಡೆಯುತ್ತದೆ. ಮುಂದಿನ ಬಾಗಿಲಲ್ಲಿ ಹತ್ತಿ ಕಾರ್ಡ್ ತೋರಿಸಿ, ಇಳಿಯುವ ಮೊದಲು ಬೆಲ್ ಒತ್ತಿ, ಹಿಂದಿನ ಬಾಗಿಲಲ್ಲಿ ಇಳಿಯಿರಿ. ದಾರಿ ನೋಡಲು ನೇವರ್ ಮ್ಯಾಪ್ ಹಾಕಿಕೊಳ್ಳಿ, ಇಂಗ್ಲಿಷ್‌ನಲ್ಲೂ ಇದೆ. ಯಾವ ಬಸ್ ಎಷ್ಟು ನಿಮಿಷಕ್ಕೆ ಬರುತ್ತದೆ, ಎಷ್ಟು ಸ್ಟಾಪ್ ದೂರದಲ್ಲಿದೆ ಎಲ್ಲ ಅದರಲ್ಲಿ ಕಾಣುತ್ತದೆ. ಕೊರಿಯಾದಲ್ಲಿ ಗೂಗಲ್ ಮ್ಯಾಪ್‌ಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಒಂದು ಮಾತು: ಬಸ್ ಹತ್ತಿದ ತಕ್ಷಣ ಏನಾದರೂ ಹಿಡಿದುಕೊಳ್ಳಿ. ಡ್ರೈವರ್‌ಗಳು ನೀವು ಕೂರುವವರೆಗೆ ಕಾಯುವುದಿಲ್ಲ. ನಾವು ಹತ್ತಿದಾಗ ಎರಡು ಗಾಲಿಯ ತರಕಾರಿ ಗಾಡಿ ಎಳೆದುಕೊಂಡು ಬಂದಿದ್ದ ಒಬ್ಬ ಅಜ್ಜಿ ಅಮ್ಮನ ಕೈ ಹಿಡಿದು ತಮ್ಮ ಪಕ್ಕದ ಸೀಟಿಗೆ ಎಳೆದು ಕೂರಿಸಿದರು. ಗಾಡಿಯಿಂದ ಒಂದು ಕಟ್ಟು ಸೊಪ್ಪು ತೆಗೆದು ಮೂಸಿ ನೋಡು ಅಂತ ಅಮ್ಮನ ಮೂಗಿನ ಹತ್ತಿರ ಹಿಡಿದರು. ಅಮ್ಮ ಕನ್ನಡದಲ್ಲಿ, ಅವರು ಕೊರಿಯನ್‌ನಲ್ಲಿ, ಮ್ಯೂಸಿಯಂ ಸ್ಟಾಪ್ ಬರುವವರೆಗೆ ಮಾತೇ ಮಾತು. ಟೂರ್ ಬಸ್ಸಲ್ಲಿ ಇದೆಲ್ಲ ಸಿಗುತ್ತಾ?

ಅಂಥ ಅಜ್ಜಿಯರು ಹತ್ತುವ ಜಾಗ ಹಳೆಯ ರೈಲ್ವೆ ಸ್ಟೇಷನ್ ಎದುರಿನ ಸೊಂಗ್ಡೊಂಗ್ ಮಾರ್ಕೆಟ್. ಸಸ್ಯಾಹಾರಿಗಳು ಇಲ್ಲಿ ಇಳಿಯಲೇಬೇಕು. ಮಾರ್ಕೆಟ್ ಒಳಗೆ ಬಫೆ ಊಟದ ಒಂದು ಸಾಲೇ ಇದೆ. ಸೊಪ್ಪು, ಮೊಳಕೆಕಾಳು, ಬೇರು, ಅಣಬೆ, ತೋಫು ಹೀಗೆ ಬಗೆಬಗೆ ಪಲ್ಯ ರಾಶಿ ಹಾಕಿಟ್ಟಿರುತ್ತಾರೆ, ಕಣ್ಣಲ್ಲಿ ನೋಡಿ ಬೇಕಾದ್ದು ಬಡಿಸಿಕೊಳ್ಳಬಹುದು. ಅಪ್ಪಟ ಸಸ್ಯಾಹಾರ ಅಂತ ನಾನು ಹೇಳುವುದಿಲ್ಲ. ಕಿಮ್ಚಿಗೆ (ಹುಳಿ ಬರಿಸಿದ ತರಕಾರಿ) ಮೀನಿನ ಸಾಸ್, ಸಾರಿಗೆ ಒಣಮೀನಿನ ಕಷಾಯ ಹಾಕುವುದು ಆ ದೇಶದ ರೂಢಿ. ಅಷ್ಟನ್ನು ಬಿಟ್ಟರೆ ಹೊಟ್ಟೆ ತುಂಬ ಊಟ ಗ್ಯಾರಂಟಿ. ಡೆರುಂಗ್ವೊನ್ ಹತ್ತಿರ ಎಲೆಗಳಲ್ಲಿ ಅನ್ನ ಸುತ್ತಿ ತಿನ್ನುವ ಸ್ಸಾಂಬಾಪ್ ಹೋಟೆಲುಗಳು ಸಾಲಾಗಿವೆ, ಆದರೆ ಅಲ್ಲಿ ಸಾಮಾನ್ಯವಾಗಿ ಇಬ್ಬರ ಊಟಕ್ಕಿಂತ ಕಡಿಮೆ ಕೊಡುವುದಿಲ್ಲ. ಸಿಹಿಗೆ ಹ್ವಾಂಗ್ನಾಮ್ ಬ್ರೆಡ್. 1939ರಿಂದ ಮಾಡುತ್ತಿದ್ದಾರೆ. ತೆಳ್ಳನೆ ಹಿಟ್ಟಿನೊಳಗೆ ಕೆಂಪು ಕಾಳಿನ ಹೂರಣ, ಬಿಸಿಯಾಗಿ ತಿಂದರೆ ನಮ್ಮ ಹೋಳಿಗೆಯೇ ನೆನಪಾಗುತ್ತದೆ. ಮೊಟ್ಟೆ ಹಾಕುತ್ತಾರೆ, ತಿನ್ನದವರು ಗಮನಿಸಿ.

ಎಲ್ಲಿ ಇಳಿಯಬೇಕು? ಮ್ಯೂಸಿಯಂ ಸ್ಟಾಪ್ ತಪ್ಪಿಸಬೇಡಿ. ಪ್ರವೇಶ ಉಚಿತ. ಹೊರಗೆ ಅಂಗಳದಲ್ಲೇ 771ರಲ್ಲಿ ಎರಕ ಹೊಯ್ದ ರಾಜ ಸೊಂಗ್ಡೊಕ್‌ನ ಗಂಟೆ ತೂಗುಹಾಕಿದ್ದಾರೆ, ತೂಕ 18.9 ಟನ್. ಹತ್ತಿರ ಹೋಗಿ ನೋಡಿ: ತಾವರೆಯ ಮೇಲೆ ಮಂಡಿಯೂರಿ ಕೂತ ದೇವಕನ್ಯೆಯರು, ಕೈಯಲ್ಲಿ ಧೂಪದ ಪಾತ್ರೆ, ಉಟ್ಟ ಬಟ್ಟೆಯ ಸೆರಗು ಗಾಳಿಗೆ ಮೇಲೆ ಹಾರಿದೆ, ಲೋಹದಲ್ಲಿ ಇಷ್ಟು ಹಗುರವಾಗಿ ಹೇಗೆ ತಂದರೋ. ಈಗ ಸಾಮಾನ್ಯವಾಗಿ ಗಂಟೆ ಬಾರಿಸುವುದಿಲ್ಲ, ರೆಕಾರ್ಡ್ ಮಾಡಿದ ನಾದವನ್ನು ಆಗಾಗ ಹಾಕುತ್ತಾರೆ. ಒಳಗೆ ಸಿಲ್ಲಾದ ಚಿನ್ನದ ಕಿರೀಟಗಳಿವೆ. ವೊಲ್ಜಿ ಕೊಳದ ಹೂಳಿನಲ್ಲಿ ಸಿಕ್ಕ ವಸ್ತುಗಳಿಗೇ ಬೇರೆ ಕಟ್ಟಡ. ಅದರಲ್ಲಿ 14 ಮುಖದ ಒಂದು ದಾಳ ನೋಡಿ. ಕುಡಿಯುವ ಆಟಕ್ಕೆ ಮಾಡಿದ್ದು, ಒಂದೊಂದು ಮುಖದ ಮೇಲೂ ಒಂದೊಂದು ಶಿಕ್ಷೆ ಕೊರೆದಿದೆ. ಮೂಲ ದಾಳ ಸಿಕ್ಕಿದ ಮೇಲೆ ಒಣಗಿಸುವಾಗ ಸುಟ್ಟುಹೋಯಿತು, ಈಗಿರುವುದು ಅದರ ನಕಲು. ಅಷ್ಟು ಶತಮಾನ ಕೆಸರಲ್ಲಿ ಉಳಿದದ್ದು ಹೀಗೆ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ವೊಲ್ಜಿ ಕೊಳ ಮ್ಯೂಸಿಯಂನಿಂದ ನಡೆದು ಹೋಗುವಷ್ಟೇ ದೂರ. 674ರಲ್ಲಿ ತೋಡಿಸಿದ ಕೊಳ. ಟಿಕೆಟ್ 3,000 ವಾನ್, ರಾತ್ರಿ 10ರವರೆಗೆ ತೆರೆದಿರುತ್ತದೆ. ಇದನ್ನು ಕತ್ತಲಾದ ಮೇಲೇ ನೋಡಿ, ದೀಪ ಹಾಕಿದ ಮಂಟಪಗಳು ನೀರಲ್ಲಿ ತಲೆಕೆಳಗಾಗಿ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಒಂದು ದಿನದ ಪ್ಯಾಕೇಜ್ ಬೇಡ ಅನ್ನಲು ನನಗೆ ಈ ಕೊಳ ಒಂದೇ ಸಾಕು. ಪ್ಯಾಕೇಜಿನವರು ಸಂಜೆಗೆ ಹೊರಟು ಹೋಗಿರುತ್ತಾರೆ.

ಬುಲ್ಗುಕ್ಸಾ, ಅದರ ಮೇಲಿನ ಬೆಟ್ಟದ ಗುಹಾ ದೇವಾಲಯ ಸೊಕ್ಗುರಾಮ್ ಎರಡಕ್ಕೂ 2023ರಿಂದ ಟಿಕೆಟ್ ಇಲ್ಲ. ಎರಡನ್ನೂ 751ರಲ್ಲಿ ಕಿಮ್ ಡೆಸೊಂಗ್ ಎಂಬ ಮಂತ್ರಿ ಕಟ್ಟಿಸಲು ಶುರು ಮಾಡಿದ ಅನ್ನುತ್ತಾರೆ. ಬುಲ್ಗುಕ್ಸಾದ ಮರದ ಕಟ್ಟಡಗಳು 1593ರಲ್ಲಿ ಜಪಾನಿನ ದಾಳಿಯಲ್ಲಿ ಸುಟ್ಟು ಹೋಗಿದ್ದವು, ಈಗ ಕಾಣುವುದು ಆಮೇಲೆ ಕಟ್ಟಿದ್ದು. ಕಲ್ಲಿನ ಮೆಟ್ಟಿಲು, ಅಡಿಪಾಯ, ಎರಡು ಪಗೋಡ ಮಾತ್ರ ಹಳೆಯವೇ. ಅವುಗಳಲ್ಲಿ ಕೆತ್ತನೆ ತುಂಬಿದ ದಬೊತಾಪ್ 10 ವಾನ್ ನಾಣ್ಯದ ಮೇಲಿದೆ, ಒಂದು ನಾಣ್ಯ ಕೈಯಲ್ಲಿ ಹಿಡಿದು ನೋಡಿ.

ಸೊಕ್ಗುರಾಮ್ ಮೇಲೆ ಬೆಟ್ಟದಲ್ಲಿದೆ. 10, 11 ಅಲ್ಲಿಗೆ ಹೋಗುವುದಿಲ್ಲ. ಬುಲ್ಗುಕ್ಸಾದಿಂದ 12ನೇ ನಂಬರ್ ಬಸ್ ಇದೆ, ಆದರೆ ಹೆಚ್ಚುಕಡಿಮೆ ಗಂಟೆಗೊಂದು. ಬುಲ್ಗುಕ್ಸಾದಲ್ಲಿ ಇಳಿದ ಕೂಡಲೇ ಮೊದಲು 12ರ ಟೈಮ್ ನೋಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಿ. ಕಾಲು ಗಟ್ಟಿ ಇರುವವರು ಕಾಡಿನ ದಾರಿಯಲ್ಲಿ ನಡೆದೂ ಹತ್ತಬಹುದು, ಸುಮಾರು 2 ಕಿಲೋಮೀಟರ್. ಒಳಗೆ ಗ್ರಾನೈಟ್ ಬುದ್ಧ, ಮುಖ ಪೂರ್ವದ ಸಮುದ್ರದ ಕಡೆಗೆ. ನಡುವೆ ಗಾಜಿನ ಗೋಡೆ, ಫೋಟೋ ತೆಗೆಯುವಂತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಸುಮ್ನೆ ನಿಂತು ನೋಡಿ. ಈ ಗುಹೆಯ ಕೆಲಸ ಶುರುವಾಗುವ ಕಾಲು ಶತಮಾನ ಮೊದಲು, 720ರ ದಶಕದಲ್ಲಿ, ಹ್ಯೇಚೊ ಎಂಬ ಸಿಲ್ಲಾದ ಭಿಕ್ಷು ಭಾರತವನ್ನೆಲ್ಲ ಸುತ್ತಿ, ದಕ್ಷಿಣದ ರಾಜ್ಯದ ಬಗ್ಗೆಯೂ ಬರೆದಿಟ್ಟ. ಆಗ ನಮ್ಮಲ್ಲಿ ಬಾದಾಮಿ ಚಾಲುಕ್ಯರ ಆಳ್ವಿಕೆ. ಆ ಬುದ್ಧನ ಮುಂದೆ ನಿಂತಾಗ ಇದು ಗೊತ್ತಿದ್ದರೆ ಆ ಜಾಗ ಸ್ವಲ್ಪ ನಮ್ಮದೂ ಅನ್ನಿಸುತ್ತದೆ.

ಬುನ್‌ಹ್ವಾಂಗ್ಸಾ ಸ್ಟಾಪಲ್ಲಿ ಇಳಿಯುವವರು ಕಡಿಮೆ, ನೀವು ಇಳಿಯಿರಿ. ಇಟ್ಟಿಗೆಯಂತೆ ಕಡಿದ ಕಲ್ಲಿನ ಪಗೋಡ, 634ರದ್ದು. ದೇವಾಲಯದ ಎದುರಿನ ಹೊಲದಲ್ಲಿ ಏಪ್ರಿಲ್ ಹೊತ್ತಿಗೆ ಹಸಿರು ಬಾರ್ಲಿ ಬೆಳೆದಿರುತ್ತದೆ. ಪಕ್ಕದ ಬಯಲಲ್ಲಿ ಒಂಬತ್ತು ಅಂತಸ್ತಿನ ಮರದ ಪಗೋಡ ಇತ್ತು, 1238ರಲ್ಲಿ ಮಂಗೋಲರು ಸುಟ್ಟರು. ಈಗ ಬುಡದ ಕಲ್ಲುಗಳಷ್ಟೇ ಇವೆ. ಬೊಮುನ್ ರಶ್‌ನಿಂದ ಬಂದವರಿಗೆ ಇಲ್ಲಿ ಉಸಿರಾಡಲು ಜಾಗ.

ಊರ ಮಧ್ಯದ ಜಾಗಗಳಿಗೆ ಬಸ್ಸೇ ಬೇಡ. ಡೆರುಂಗ್ವೊನ್ ಹತ್ತಿರ ಹಾನೊಕ್ (ಕೊರಿಯಾದ ಸಾಂಪ್ರದಾಯಿಕ ಮನೆ) ಗೆಸ್ಟ್‌ಹೌಸ್‌ನಲ್ಲಿ ರೂಮ್ ಮಾಡಿ, ನೆಲವೇ ಬೆಚ್ಚಗಿರುತ್ತದೆ. ಏಪ್ರಿಲ್ ಮೊದಲ ವಾರದಲ್ಲೂ ಬೆಳಗ್ಗೆ ಚಳಿ ಚೆನ್ನಾಗಿಯೇ ಇರುತ್ತದೆ, ಜಾಕೆಟ್ ಬೇಕೇ ಬೇಕು. ನೆಲದ ಮೇಲೆ ಹಾಸಿಗೆ ಆಗದ ಹಿರಿಯರಿದ್ದರೆ ಮಂಚ ಇರುವ ರೂಮ್ ಕೇಳಿ ಪಡೆಯಿರಿ. ಡೆರುಂಗ್ವೊನ್ ಪಾರ್ಕ್ ಉಚಿತ, ಒಳಗೆ ಹೋಗಿ ನೋಡಬಹುದಾದ ಚೊನ್ಮಾಚೊಂಗ್ ಸಮಾಧಿಗೆ ಮಾತ್ರ 3,000 ವಾನ್. ಎರಡು ಗುಡ್ಡಗಳ ನಡುವೆ ಒಂದು ಮ್ಯಾಗ್ನೋಲಿಯಾ ಮರ ಇದೆ, ಮಾರ್ಚ್ ಕೊನೆಯಲ್ಲಿ ಅದರ ಮುಂದೆ ಫೋಟೋಗೆ ಉದ್ದ ಕ್ಯೂ. ಪಾರ್ಕ್ ತೆರೆಯುವ ಹೊತ್ತಿಗೇ ಹೋಗಿ. ರಜೆ ಹೊಂದದೆ ಏಪ್ರಿಲ್ ಮಧ್ಯಕ್ಕೆ ಹೋಗುವ ಹಾಗಾದರೂ ಚಿಂತೆಯಿಲ್ಲ. ಬುಲ್ಗುಕ್ಸಾ ಮುಂದಿನ ಪಾರ್ಕಿನಲ್ಲಿ ದಪ್ಪ ಎಸಳಿನ ಗುಲಾಬಿ ಚೆರ್ರಿ ಆಗ ಅರಳುತ್ತದೆ, ಜನವೂ ಕಡಿಮೆ.

ಕೊರತೆ ಇಲ್ಲವೇ ಅಂದರೆ, ಇದೆ. ಹೂವಿನ ವಾರಾಂತ್ಯದಲ್ಲಿ ನಿಂತೇ ಹೋಗಬೇಕಾಗಬಹುದು. ದೊಡ್ಡ ಸೂಟ್‌ಕೇಸ್ ಹಿಡಿದು ಈ ಬಸ್ ಹತ್ತುವುದು ಬೇಡ, ಮೊದಲು ರೂಮಿನಲ್ಲಿ ಇಟ್ಟುಬನ್ನಿ. ರಾತ್ರಿ ಬಸ್ ಬೇಗ ಕಡಿಮೆಯಾಗುತ್ತವೆ, ಬೊಮುನ್‌ನಲ್ಲಿ ಕತ್ತಲಾಗುವವರೆಗೆ ಕೂತರೆ ಟ್ಯಾಕ್ಸಿ ಹುಡುಕಬೇಕು. ಒಟ್ಟು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಕೊನೆಯದಾಗಿ ಬುಕಿಂಗ್. ಸಿಯೋಲ್‌ನಿಂದ ಕೆಟಿಎಕ್ಸ್ ಎಂಬ ಹೈಸ್ಪೀಡ್ ರೈಲು ಎರಡು ಗಂಟೆ ಚಿಲ್ಲರೆ, ಟಿಕೆಟ್ ಒಂದು ತಿಂಗಳು ಮೊದಲು ಓಪನ್ ಆಗುತ್ತದೆ. ಬುಸಾನ್‌ನ ನೊಪೊ ಟರ್ಮಿನಲ್‌ನಿಂದಾದರೆ ಬಸ್ಸಲ್ಲಿ ಸುಮಾರು ಒಂದು ಗಂಟೆ, ಅದು ಊರೊಳಗೇ ಇಳಿಸುತ್ತದೆ. ಕೆಟಿಎಕ್ಸ್ ನಿಲ್ಲುವ ಗ್ಯೋಂಗ್ಜು ಸ್ಟೇಷನ್ ಮಾತ್ರ ಊರಾಚೆ ಇದೆ. ಹಳೆಯ ಬ್ಲಾಗುಗಳಲ್ಲಿ ಅದನ್ನೇ ಸಿನ್‌ಗ್ಯೋಂಗ್ಜು ಅಂತ ಬರೆದಿರುತ್ತಾರೆ, ಎರಡೂ ಒಂದೇ. ಸ್ಟೇಷನ್ ಎದುರಿಂದ ಊರಿಗೆ ಬೇರೆ ನಂಬರಿನ ಬಸ್ಸುಗಳಿವೆ. ಹೂವಿನ ವಾರಕ್ಕೆ ರೈಲಿಗಿಂತ ಮೊದಲು ರೂಮ್ ತುಂಬುತ್ತದೆ. ವೀಸಾ ಬಂದ ದಿನವೇ ರೂಮ್ ನೋಡಿ, ಕ್ಯಾನ್ಸಲ್ ಮಾಡಲು ಬಿಡುವಂಥದ್ದನ್ನು ಹಿಡಿದಿಟ್ಟುಕೊಳ್ಳಿ.