ಬೀದರದಾಗ ಗಿಡ್ಡ ಕ್ರ್ಯಾಬ್ ಆ್ಯಪಲ್: ಸಸಿಗೆ ನಾಲ್ಕು ಸ್ಟಾರ್, ಮಾರಿದವ್ರಿಗೆ ಒಂದೇ

ಕ್ರ್ಯಾಬ್ ಆ್ಯಪಲ್ ಅಂದ್ರ ಸಣ್ಣ ಸಣ್ಣ ಹಣ್ಣು ಬಿಡೋ ಸೇಬಿನ ಜಾತಿ ಗಿಡ. ಮೊದಲೇ ಹೇಳಿಬಿಡ್ತೀನಿ, ಹೂವಿನ ಆಸೆಗೆ ಇದನ್ನ ತರಿಸೋರು ತರಿಸಬ್ಯಾಡ್ರಿ. ಎಲಿ, ಟೊಂಗಿ, ಗಿಡದ ಆಕಾರ ನೋಡಿ ಖುಷಿಪಡೋರಿದ್ರ ಮುಂದ ಓದ್ರಿ.

ಆನ್‌ಲೈನ್ ನರ್ಸರಿಯೊಂದರಿಂದ ತರಿಸಿದ ಕಸಿ ಸಸಿ ಇದು. 900 ರೂಪಾಯಿ, ಕೊರಿಯರ್ ಖರ್ಚು ಬ್ಯಾರೆ. ಪ್ಯಾಕಿಂಗ್ ಬಗ್ಗೆ ಏನೂ ಅನ್ನಂಗಿಲ್ಲ. ಬೇರಿನ ಸುತ್ತ ನಾರಿನ ಪುಡಿ ಹಸಿ ಇತ್ತು, ಕಸಿ ಗಂಟು ಗಟ್ಟಿ ಕೂಡಿತ್ತು. ನನ್ನ ತಕರಾರು ಚೀಟಿದು. 'ಡ್ವಾರ್ಫ್ ಕ್ರ್ಯಾಬ್ ಆ್ಯಪಲ್' ಅಂತ ಬರದು ಬಿಟ್ಟಾರ, ತಳಿ ಹೆಸರೇ ಇಲ್ಲ. ಜಾಹೀರಾತಿನ ಫೋಟೋದಾಗ ಕೆಂಪು ಮೊಗ್ಗು, ಬಿಳಿ ಹೂ. 'ಟೀನಾ' ತಳಿ ಹಂಗ ಇರ್ತದ, ಸುಮಾರು 5 ಅಡಿಗೆ ನಿಲ್ತದ. ಆದ್ರ ಕ್ರ್ಯಾಬ್ ಆ್ಯಪಲ್ ಒಳಗ 20 ಅಡಿ ಏರೋವೂ ಅವ. ಕುಂಡದಾಗ ಬೆಳಸೋರಿಗೆ ಆ ಹೆಸರು ಬೇಕೇ ಬೇಕು. ಮೆಸೇಜ್ ಹಾಕಿ ಕೇಳಿದ್ರ, 'ಎಲ್ಲಾ ಹವಾಮಾನಕ್ಕೂ ಆಗುತ್ತೆ ಮೇಡಂ' ಅಂತ ಉತ್ತರ. ನಾ ಕೇಳಿದ್ದೇನು, ಅವರು ಹೇಳಿದ್ದೇನು!

ಆ ಮಾತೂ ಖರೇ ಅಲ್ಲ. ಈ ಗಿಡ ಚಳಿಗಾಲದಾಗ ಎಲಿ ಉದುರಿಸಿ ಮಲಗಬೇಕು. ಭಾಳಷ್ಟು ತಳಿಗೆ 7 ಡಿಗ್ರಿಗಿಂತ ಕೆಳಗಿನ ಥಂಡಿ ನೂರಾರು ತಾಸು ಸಿಕ್ಕ ಮ್ಯಾಲೇ ಮೊಗ್ಗು ಸರಿಯಾಗಿ ಒಡೀತಾವ. ನಮ್ಮ ಬೀದರ ಎತ್ತರದಾಗ ಅದ, ಎಳ್ಳ ಅಮಾಸಿ ಹೊತ್ತಿಗೆ ಕಲಬುರಗಿಯವ್ರಿಗಿಂತ ನಾವು ಜಾಸ್ತಿ ನಡುಗ್ತೀವಿ. ಆದ್ರೂ ನಸುಕಿನಾಗ ಒಂದಿಷ್ಟು ಹೊತ್ತು ಥಂಡಿ, ಹತ್ತು ಗಂಟೆಗೆಲ್ಲಾ ಚುರುಚುರು ಬಿಸಿಲು. ಆ ನೂರಾರು ತಾಸು ಎಲ್ಲಿಂದ ತರೋದು? ಪಕ್ಕದ ಮನಿ ಕಾಕಾರು 'ಬುಡಕ್ಕ ಐಸ್ ಹಾಕವ್ವ' ಅಂದ್ರು. ಥಂಡಿ ಬೇಕಾಗಿದ್ದು ಮೊಗ್ಗಿಗ್ರಿ ಕಾಕಾ, ಬೇರಿಗಲ್ಲ.

ಒಂದು ಉಪಾಯ ಅದ. ಇಂಡೋನೇಷ್ಯಾದ ಜಾವಾ ದ್ವೀಪದ ಬಾಟು ಊರಾಗ ಹಂಗ ಥಂಡಿನೇ ಬೀಳಲ್ಲ. ಅಲ್ಲಿ ಸೇಬು ಬೆಳೆಯೋರು ಕೊಯ್ಲಾದ ಮ್ಯಾಲ ಎಲಿ ಎಲ್ಲಾ ಕೈಲೆ ಕಿತ್ತು ಗಿಡಕ್ಕ ಹೂ ತರಸ್ತಾರ. ನಮ್ಮ ಕಡೆ ದಾಳಿಂಬ್ರಿಗೆ ನೀರು ನಿಲ್ಲಿಸಿ ಬಹಾರ ಹಿಡೀತಾರಲ್ಲ, ಅದೇ ನಮೂನಿ. ನಾನೂ ದೀಪಾವಳಿ ಆದಮ್ಯಾಲ ನೀರು ಕಡಿಮಿ ಮಾಡಿ ಎಲಿ ಕಿತ್ತೆ. ಚಿಗುರು ಭರ್ತಿ ಬಂತು, ಹೂ ಒಂದೂ ಬರಲಿಲ್ಲ. ಬಾಟು ಗುಡ್ಡದ ಊರು, ವರ್ಷಪೂರ್ತಿ ತಂಪು. ನಮ್ಮಲ್ಲಿ ಮೇ ತಿಂಗಳಾಗ 40 ಡಿಗ್ರಿ!

ಆದ್ರ ಗಿಡ ಮಾತ್ರ ಜಿಗುಟು ಅದ. ಬೀದರದ ಕೆಂಪು ಮಣ್ಣು ಇದಕ್ಕ ಒಗ್ಗೇದ, ನೀರು ನಿಲ್ಲಂಗಿಲ್ಲ. ಎರಡು ಪಾಲು ಕೆಂಪು ಮಣ್ಣು, ಒಂದೊಂದು ಪಾಲು ಹಳೇ ತಿಪ್ಪಿ ಗೊಬ್ಬರ, ಉಸುಕು ಕಲಸಿ ಸಿಮೆಂಟ್ ಕುಂಡದಾಗ ಇಟ್ಟೀನಿ. ಯಾದಗಿರಿ, ಕಲಬುರಗಿಯ ಎರಿ ಮಣ್ಣು ತುಂಬಿದ್ರ ಮಳಿಗಾಲಕ್ಕ ಬೇರು ಕೊಳೀತಾವ. ಕಸಿ ಗಂಟು ಮಣ್ಣಿನ ಮ್ಯಾಲೇ ಇರಲಿ. ಗಂಟಿನ ಕೆಳಗ ಬರೋ ಚಿಗುರು ಕಂಡಕೂಡಲೇ ಚಿವುಟ್ರಿ, ಇಲ್ಲಂದ್ರ ಅದೇ ಬೆಳದು ಮ್ಯಾಲಿನ ಕಸಿ ಸೊರಗ್ತದ. ಬೋರಿನ ಗಡಸು ನೀರಿಗೆ ಎಲಿ ಹಳದಿ ಆಗಿ ನರ ಅಷ್ಟೇ ಹಸರು ಉಳೀತಾವ. ಮಳಿನೀರು ಹಿಡಿದಿಟ್ಟು ಹಾಕಿದ್ರ ಸುಧಾರಿಸ್ತದ. ಯುಗಾದಿಯಿಂದ ಮಿರಗದ ಮಳಿ ತನಕ ಗ್ರೀನ್ ನೆಟ್ ಕೆಳಗ, ಮುಂಜಾನಿ ಬಿಸಿಲಷ್ಟೇ. ಒಣ ಹವಾಕ್ಕ ನುಸಿ ಬರ್ತಾವ, ಎಲಿ ಹಿಂಬದಿಗೆ ನೀರು ಚಿಮುಕಿಸಿದ್ರ ಹತೋಟಿಗೆ ಬರ್ತಾವ.

ಕುಂಡದ ತುಂಬ ಹೂ ಬೇಕಂದ್ರ ಗಿಡ್ಡ ದಾಳಿಂಬ್ರಿ ಹಚ್ರಿ. ಸೇಬಿನ ಹೂವೇ ಬೇಕಂದ್ರ ಕಡಿಮಿ ಥಂಡಿ ಸಾಕಾಗೋ ಸೇಬಿನ ತಳಿ ಹಚ್ರಿ: 'ಅನ್ನಾ', ಇಲ್ಲಾ 'ಎಚ್‌ಆರ್‌ಎಂಎನ್-99'. ಈ ಎರಡನೇದು ಹಿಮಾಚಲದ ಬಿಲಾಸಪುರದ ಹರಿಮನ್ ಶರ್ಮಾ ತೆಗೆದ ತಳಿ, ಅವರಿಗೆ 2025ರಾಗ ಪದ್ಮಶ್ರೀ ಬಂತು. ಬಿಸಿಲ ನಾಡಿಗೇ ಅಂತ ತೆಗೆದದ್ದು.

ಇದೇ ಮಾರಾಟದವ್ರು 'ಬೋನ್ಸಾಯ್ ಕ್ರ್ಯಾಬ್ ಆ್ಯಪಲ್' ಬೀಜದ ಪಾಕೀಟೂ ಇಟ್ಟಾರ. ಅದನ್ನ ಮುಟ್ಟಬ್ಯಾಡ್ರಿ. ಬೀಜ ಮೊಳೀಬೇಕಂದ್ರ ಹಸಿ ಉಸುಕಿನಾಗ ಹಾಕಿ ಎರಡು ಮೂರು ತಿಂಗಳು ಫ್ರಿಜ್ಜಿನಾಗ ಇಡಬೇಕು. ಮೊಳೆತ ಮ್ಯಾಲೂ ಗಿಡ ಫೋಟೋದಾಗಿನಂಗ ಗಿಡ್ಡ ಆಗ್ತದನ್ನೋ ಖಾತ್ರಿ ಇಲ್ಲ.