ಬೊಂಡಾಸಿನ ಕೊಕ್ಕು ತೆಗೆದುಕೊಡುವ ಅಂಗಡಿ

ಹುಬ್ಬಳ್ಳಿಯ ಗಣೇಶಪೇಟೆ ಮೀನು ಮಾರುಕಟ್ಟೆಯ ಈ ಅಂಗಡಿಯನ್ನು ಬಂಗಡೆಗಾಗಲಿ ಪಾಂಫ್ರೆಟ್‌ಗಾಗಲಿ ನಾನು ಶಿಫಾರಸು ಮಾಡುವುದಿಲ್ಲ. ಅವು ಪಕ್ಕದ ಅಂಗಡಿಗಳಲ್ಲೂ ಅಷ್ಟೇ ಚೆನ್ನಾಗಿ ಸಿಗುತ್ತವೆ. ನನ್ನ ಮೆಚ್ಚುಗೆ ಇರುವುದು ಇಲ್ಲಿ ಬೊಂಡಾಸನ್ನು, ಅಂದರೆ ಸ್ಕ್ವಿಡ್ಡನ್ನು, ಶುಚಿಗೊಳಿಸುವ ಕ್ರಮದ ಬಗ್ಗೆ.

ಬಯಲುಸೀಮೆಯ ಗಿರಾಕಿಗಳು ಬಿಳಿ ಉಂಗುರಗಳನ್ನಷ್ಟೇ ಬಯಸುತ್ತಾರೆಂದು ಹೆಚ್ಚಿನ ಅಂಗಡಿಯವರು ತಲೆಯನ್ನು ಬುಟ್ಟಿಗೆ ಎಸೆಯುತ್ತಾರೆ, ಇಲ್ಲವೇ ಬಾಯಿಯಲ್ಲಿರುವ ಗಡಸು ಕೊಕ್ಕಿನ ಸಮೇತ ಚೀಲಕ್ಕೆ ಹಾಕುತ್ತಾರೆ. ಇಲ್ಲಿ ಮಾತ್ರ “ತಲಿ ಬೇಕೇನ್ರಿ, ಒಗೀಲೇನ್ರಿ?” ಎಂದು ಮೊದಲೇ ಕೇಳುತ್ತಾರೆ. ಬೇಕೆಂದರೆ ಬೊಂಡಾಸಿನ ಕಣ್ಣುಗಳ ಮುಂಭಾಗದಲ್ಲಿ ಕೊಯ್ದು, ಅದರ ತೋಳುಗಳ ನಡುವೆ ಹಿಸುಕುತ್ತಾರೆ. ಗುಂಡನೆಯ ಸ್ನಾಯುವಿನೊಡನೆ ಕಂದುಗಪ್ಪು ಕೊಕ್ಕು ಹೊರಬರುತ್ತದೆ.

ನೋಡಲು ಅದು ಗಿಳಿಯ ಕೊಕ್ಕಿನಂತೆಯೇ ಇದೆ, ಆದರೆ ಇಲ್ಲಿ ಕೆಳಗಿನ ಭಾಗವೇ ಮೇಲಿನದನ್ನು ಹೊರಗಿನಿಂದ ಆವರಿಸುತ್ತದೆ. ಅದರಲ್ಲಿ ಮೂಳೆಯಿಲ್ಲ, ಸುಣ್ಣವೂ ಇಲ್ಲ. ಸಿಗಡಿಯ ಸಿಪ್ಪೆಯಲ್ಲಿರುವ ಕೈಟಿನ್, ಪ್ರೋಟೀನು ಮತ್ತು ನೀರು ಸೇರಿಯೇ ಆ ಗಡಸುತನ ಬಂದಿದೆ. ಹಂಬೋಲ್ಟ್ ಎಂಬ ದೊಡ್ಡ ಜಾತಿಯ ಸ್ಕ್ವಿಡ್ಡಿನ ಕೊಕ್ಕಿನ ತುದಿಯು ಬುಡಕ್ಕಿಂತ ಸುಮಾರು 100 ಪಟ್ಟು ಬಿರುಸಾಗಿರುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕ್ರಮೇಣ ಮೆತ್ತಗಾಗುವ ಈ ಬುಡದಿಂದಾಗಿಯೇ, ಕಚ್ಚುವಾಗ ಕೊಕ್ಕು ತನ್ನದೇ ಬಾಯಿಯ ಸ್ನಾಯುವನ್ನು ಸೀಳುವುದಿಲ್ಲ. ಇಂಥ ವಸ್ತು ಒಲೆಯ ಮೇಲೆ ಎಷ್ಟು ಹೊತ್ತಿಟ್ಟರೂ ಬೇಯುವುದಿಲ್ಲ. ಸ್ಕ್ವಿಡ್ ತಿನ್ನುವ ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿಯೂ ಅದು ಸುಲಭವಾಗಿ ಕರಗುವುದಿಲ್ಲ. ಕಳ್ಳಸಾಗಣೆಯ ಸುದ್ದಿಗಳಲ್ಲಿ ‘ತಿಮಿಂಗಿಲದ ವಾಂತಿ’ ಎನ್ನಿಸಿಕೊಳ್ಳುವ ಅಂಬರ್‌ಗ್ರಿಸ್‌ನಲ್ಲಿ ಈ ಕೊಕ್ಕುಗಳು ಹಾಗೆಯೇ ಸಿಗುವುದುಂಟು. ಹೀಗಿರುವಾಗ ಸುಕ್ಕಾ ಮಾಡಿದ ತೋಳುಗಳಲ್ಲಿ ಒಂದೇ ಒಂದು ಕೊಕ್ಕು ಉಳಿದರೂ ಅತಿಥಿಯ ಹಲ್ಲಿಗೆ ಕಲ್ಲು ಸಿಕ್ಕಂತೆಯೇ.

ಕೊರತೆಗಳೂ ಇವೆ. ಆಕ್ಟೋಪಸ್ ಇಲ್ಲಿಗೆ ಅಪರೂಪಕ್ಕೆ ಬರುತ್ತದೆ, ಬಂದಾಗ ಅದನ್ನು ಇಡಿಯಾಗಿಯೇ ಮಾರುತ್ತಾರೆ; ಎಂಟು ತೋಳುಗಳು ಕೂಡುವ ಬುಡದಲ್ಲಿ ಹುದುಗಿರುವ ಅದರ ಕೊಕ್ಕನ್ನು ಮನೆಯಲ್ಲಿ ನಾವೇ ಸುತ್ತಲೂ ಕೊಯ್ದು ತೆಗೆಯಬೇಕು. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಮತ್ತು ಜುಲೈನಲ್ಲಿ ಸಿಗುವುದು ಬಹುಪಾಲು ಶೀತಲಗೃಹದ ಮಾಲು. ಅದನ್ನವರು ಮುಚ್ಚಿಡುವುದಿಲ್ಲವಾದರೂ ಬೆಲೆಯನ್ನೇನೂ ಇಳಿಸುವುದಿಲ್ಲ, ಮತ್ತು ಹೆಪ್ಪು ಬಿಡಿಸಿದ ತಲೆ ಮೆತ್ತಗಾಗಿ ಹಿಸುಕಿದಾಗ ಹರಿಯುವುದರಿಂದ ಕೊಕ್ಕಿನ ಅರ್ಧ ಭಾಗ ಒಳಗೇ ಉಳಿಯುತ್ತದೆ. ಭಾನುವಾರದ ನೂಕುನುಗ್ಗಲಿನಲ್ಲಿ ಕೆಲಸಕ್ಕಿರುವ ಹುಡುಗರು ಈ ಹಂತವನ್ನೇ ಬಿಟ್ಟುಬಿಡುವುದನ್ನೂ ಕಂಡಿದ್ದೇನೆ. ವಾರದ ನಡುವೆ ಬೆಳಿಗ್ಗೆ ಹೋಗಿ, ತೆಗೆದ ಕೊಕ್ಕುಗಳನ್ನು ತೋರಿಸಲು ಹೇಳಿ, ತಲೆಯ ಲೆಕ್ಕಕ್ಕೆ ಸರಿಹೋದ ಮೇಲೆಯೇ ಹಣ ಕೊಡುವುದು ಒಳ್ಳೆಯದು.