ಕಾರಿನ ಬಾಗಿಲಿಗೆ ಡ್ಯಾಂಪಿಂಗ್ ಶೀಟ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮಮ್ಮನಿಗೆ 74 ವರ್ಷ. ಎರಡೂ ಕಿವಿಗೆ ಶ್ರವಣ ಸಾಧನ ಹಾಕುತ್ತಾರೆ. ತಪಾಸಣೆಗೆಂದು ಮಂಡ್ಯದಿಂದ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಆಗಾಗ ಕರೆದುಕೊಂಡು ಹೋಗುತ್ತೇನೆ. ಮೊದಲೆಲ್ಲ ಕಾರು ಹತ್ತಿ ಕೂತ ಕೂಡಲೇ ಆ ಸಾಧನ ಕಳಚಿ ಪರ್ಸಿನೊಳಗೆ ಹಾಕಿಬಿಡುತ್ತಿದ್ದರು. "ಗುಯ್ ಅಂತದೆ ಮಗ, ತಲೆ ನೋಯ್ತದೆ" ಅನ್ನುವರು. ಮಾತಿನ ಜೊತೆ ಟೈರಿನ ಸದ್ದನ್ನೂ ಅದು ಕಿವಿಗೆ ತುಂಬುತ್ತಿತ್ತು. ಅಲ್ಲಿಂದ ಮುಂದೆ ಸುಮಾರು 45 ಕಿಲೋಮೀಟರ್ ನಾನೇನು ಹೇಳಿದರೂ "ಏನಂದೆ? ಕೇಳ್ನಿಲ್ಲ." ಕಾರಿನ ಸದ್ದು ತಗ್ಗಿಸಲು ನಾನು ದುಡ್ಡು ಹಾಕಿದ್ದು ಇದೊಂದೇ ಕಾರಣಕ್ಕೆ.

ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಳೆ ರಸ್ತೆಯಲ್ಲಿ ಹಂಪು, ಸಿಗ್ನಲ್, ಎತ್ತಿನ ಗಾಡಿ ಅಂತ 60 ದಾಟುವುದೇ ಅಪರೂಪವಾಗಿತ್ತು, ಸದ್ದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. 90ರಲ್ಲಿ ಹೋಗಲು ಶುರುಮಾಡಿದ ಮೇಲೆ ನಮ್ಮ ಕಾರು ಎಷ್ಟು ತೆಳು ತಗಡಿನದು ಅನ್ನುವುದು ಗೊತ್ತಾಯಿತು.

ಮೊದಲ ಸಲ ಕೆಟ್ಟೆ. ಡ್ಯಾಂಪಿಂಗ್ ಶೀಟ್ ಅಂದರೆ ತಗಡಿನ ಅದುರುವಿಕೆ ತಗ್ಗಿಸಲು ಒಳಗಿನಿಂದ ಅಂಟಿಸುವ ಹಾಳೆ. ಕಡಿಮೆ ಬೆಲೆ ನೋಡಿ ಅದನ್ನು ತರಿಸಿ ನಾನೇ ಎರಡು ಬಾಗಿಲಿಗೆ ಅಂಟಿಸಿದೆ. ಬ್ಯುಟೈಲ್ ರಬ್ಬರ್ ಅಂತ ಹೇಳಿ ಮಾರಿದ್ದರು, ಒಳಗಿದ್ದದ್ದು ಡಾಂಬರು. ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ಕಾರು ಹೊರಗೆ ನಿಂತಿತು ನೋಡಿ, ಒಳಗೆಲ್ಲ ರಸ್ತೆ ಹಾಕುವ ವಾಸನೆ. ಶೀಟ್ ಜಾರಿ ಬಾಗಿಲಿನ ತಳಕ್ಕೆ ಬಂದು ಕೂತಿತ್ತು. ಸೀಮೆಎಣ್ಣೆ ಹಚ್ಚಿ ಕೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು. ನೀವು ಕೊಳ್ಳುವ ಮುಂಚೆ ಒಂದು ತುಂಡು ಕೇಳಿ ತನ್ನಿ. ತಗಡಿನ ಮೇಲೆ ಅಂಟಿಸಿ, ತಾರಸಿಯ ಬಿಸಿಲಿಗೆ ನೆಟ್ಟಗೆ ನಿಲ್ಲಿಸಿ ಮೂರು ದಿನ ಬಿಡಿ. ವಾಸನೆ ಬಂದರೆ, ಒಂದು ಬೆರಳಷ್ಟು ಜಾರಿದರೂ, ಬೇಡ.

2023ರ ನವೆಂಬರ್‌ನಲ್ಲಿ ಮೈಸೂರಿನ ರಿಂಗ್ ರೋಡ್ ಕಡೆಯ ಒಂದು ಅಂಗಡಿಯಲ್ಲಿ ನಾಲ್ಕೂ ಬಾಗಿಲಿಗೆ 2 ಮಿ.ಮೀ. ದಪ್ಪದ ಬ್ಯುಟೈಲ್ ರಬ್ಬರ್ ಶೀಟ್ ಹಾಕಿಸಿದೆ. ಮೇಲುಗಡೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು. ಬಾಗಿಲಿನ ಪ್ಯಾಡ್ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಹಾಳೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊರತಗಡಿನ ಒಳಮೈಗೆ ಶೀಟ್ ಅಂಟಿಸಿ ರೋಲರ್‌ನಿಂದ ಒತ್ತಿದರು. ಹಾಳೆಯ ಮೇಲಿನ ಉಬ್ಬು ವಿನ್ಯಾಸ ಸಪಾಟಾಗುವವರೆಗೂ ಒತ್ತಬೇಕು. ಗಾಳಿ ಗುಳ್ಳೆ ಉಳಿದ ಕಡೆ ಶೀಟ್ ಇದ್ದೂ ಇಲ್ಲದ ಹಾಗೆ. ಪ್ಯಾಡ್ ಹಿಂದೆ ನೀರು ಹೀರದ ಫೋಮ್. ಬೆಳಗ್ಗೆ ಬಿಟ್ಟು ಸಂಜೆ ತಂದೆ, 9,800 ರೂಪಾಯಿ.

ಇದು ಕೆಲಸ ಮಾಡುವ ಬಗೆ ತಿಳಿಯಬೇಕಾದರೆ ದೇವಸ್ಥಾನದ ಜಾಗಟೆ ನೆನೆಸಿಕೊಳ್ಳಿ. ಬಾರಿಸಿ ಹಾಗೇ ಬಿಟ್ಟರೆ ನಾದ ಎಳೆಯುತ್ತಾ ಹೋಗುತ್ತದೆ, ಅಂಗೈ ಇಟ್ಟರೆ ಅಲ್ಲಿಗೇ ನಿಲ್ಲುತ್ತದೆ. ತಗಡು ಅದುರಿದಾಗ ಅದಕ್ಕೂ ಮೇಲಿನ ಅಲ್ಯೂಮಿನಿಯಂಗೂ ನಡುವೆ ರಬ್ಬರ್ ಎಳೆದಾಡಿ, ಆ ಅದುರುವಿಕೆ ಸ್ವಲ್ಪ ಶಾಖವಾಗಿ ಕಳೆದುಹೋಗುತ್ತದೆ. ಅಂಗೈ ಇಡಲು ಇಡೀ ಜಾಗಟೆ ಮುಚ್ಚಬೇಕಿಲ್ಲವಲ್ಲ, ಹಾಗೆಯೇ ತಗಡಿನ ನಡುಭಾಗಕ್ಕೆ ಸರಿಯಾಗಿ ಅಂಟಿಸಿದರೆ ಬಹುಪಾಲು ಕೆಲಸ ಆಯಿತು. ಒಂದರ ಮೇಲೊಂದು ಮೂರು ಪದರ ಹಾಕುತ್ತೇವೆ ಅನ್ನುವವರಿಗೆ ಬೇಡವೆನ್ನಿ. ಆದರೆ ಗಾಳಿಯಲ್ಲಿ, ಗಾಜಿನ ಮೂಲಕ ಬರುವ ಸದ್ದನ್ನು ಈ ಶೀಟ್ ತಡೆಯುವುದಿಲ್ಲ. ಎಲ್ಲ ಸದ್ದಿಗೂ ಇದೇ ಮದ್ದು ಎಂದು ಹೇಳಿ ಮಾರುವುದು ಮೋಸ.

ಫಲ? ಬಾಗಿಲು ಹಾಕಿದರೆ ಟಣ್ ಅನ್ನುತ್ತಿದ್ದದ್ದು ಅಂದಿನಿಂದ ಇಂದಿನವರೆಗೂ ಧಪ್ ಅನ್ನುತ್ತದೆ. ಇಂಡುವಾಳು–ಯಲಿಯೂರು ನಡುವೆ, ಅದೇ ಫೋನು, ಅದೇ ಜಾಗ, 80ರ ವೇಗ, ಎಸಿ ಆಫ್ ಮಾಡಿ ಅಳೆದಿದ್ದೆ. ಮುಂಚೆ 72 ಡೆಸಿಬಲ್, ಆಮೇಲೆ 69. ಫೋನಿನ ಆ್ಯಪ್ ತೋರಿಸುವ ಅಂಕಿಯನ್ನೇ ನಂಬಬೇಡಿ, ಮೊದಲಿಗೂ ಆಮೇಲಿಗೂ ಇರುವ ಅಂತರ ನೋಡಿ. 3 ಡೆಸಿಬಲ್ ಇಳಿದರೆ ಶಬ್ದದ ಶಕ್ತಿ ಅರ್ಧವಾದ ಲೆಕ್ಕ, ಆದರೆ ಕಿವಿಗೆ ಅರ್ಧ ಅನ್ನಿಸುವುದಿಲ್ಲ. ಅದಕ್ಕೆ ಸುಮಾರು 10 ಡೆಸಿಬಲ್ ಇಳಿಯಬೇಕು.

ಈಗ ನನಗೆ ತುಂಬಾ ನೋವಾದ ಸಂಗತಿ. 2024ರ ಮುಂಗಾರಿನಲ್ಲಿ ಹಿಂದಿನ ಎಡ ಬಾಗಿಲು ತೆರೆದಾಗೆಲ್ಲ ಕೊಡದಲ್ಲಿ ನೀರು ಅಲುಗಿದಂಥ ಸದ್ದು. ಪ್ಯಾಡ್ ಬಿಚ್ಚಿಸಿದರೆ ತಳದಲ್ಲಿ ನಾಲ್ಕು ಬೆರಳು ನೀರು. ಗಾಜಿನ ಪಕ್ಕದಿಂದ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ, ಅದು ಹೊರಗೆ ಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳ ಮೇಲೇ ಶೀಟ್ ಅಂಟಿಸಿದ್ದರು. ತುಕ್ಕು ಆಗಲೇ ಹಿಡಿದಿತ್ತು. ಕೇಳಿದರೆ "ಫುಲ್ ಕವರ್ ಮಾಡ್ಕೊಟ್ಟಿದೀವಲ್ಲ ಸಾರ್" ಅಂದರು. ನಮ್ಮೂರ ಮೆಕ್ಯಾನಿಕ್ ಒಬ್ಬರು ತೂತು ಬಿಡಿಸಿ, ತುಕ್ಕು ಉಜ್ಜಿ, ಪ್ರೈಮರ್ ಹೊಡೆದುಕೊಟ್ಟರು. ಅಂಗಡಿಯವರು ಪ್ಯಾಡ್ ಮುಚ್ಚುವ ಮುಂಚೆ ನೀವೇ ನಿಂತು ಪ್ರತಿ ಬಾಗಿಲಿಗೂ ಗಾಜಿನ ಅಂಚಿನಲ್ಲಿ ಒಂದು ಚೊಂಬು ನೀರು ಹೊಯ್ಯಿಸಿ. ಕೆಳಗೆ ಸೋರುವುದು ಕಣ್ಣಿಗೆ ಕಂಡರೆ ಮಾತ್ರ ದುಡ್ಡು ಕೊಡಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿದ್ದಾರೆಯೇ ನೋಡಿ, ಅದಿಲ್ಲದಿದ್ದರೆ ತೇವ ಪ್ಯಾಡಿಗೆ ಬರುತ್ತದೆ. ಮುರಿದ ಕ್ಲಿಪ್ಪುಗಳಿಗೆ ಹೊಸವು ಹಾಕಿಸಿ, ಇಲ್ಲವಾದರೆ ಸದ್ದು ತೆಗೆಯಲು ಹೋಗಿ ಕಟಕಟ ತಂದುಕೊಂಡ ಹಾಗಾಗುತ್ತದೆ.

ಆ ವರ್ಷದ ಕೊನೆಗೆ ಬೇರೆ ಅಂಗಡಿಯಲ್ಲಿ ಕಾರಿನ ನೆಲ, ಡಿಕ್ಕಿ, ಹಿಂದಿನ ಚಕ್ರದ ಕಮಾನಿಗೂ ಶೀಟ್ ಹಾಕಿಸಿದೆ. 14,500 ರೂಪಾಯಿ. ಹಿಂದಿನ ಸೀಟಿಗೆ ಕೇಳುತ್ತಿದ್ದ ಕಲ್ಲು ಸಿಡಿಯುವ ಸದ್ದು ಹೋಯಿತು, ಟೈರಿನ ಮೊರೆತ ಮಾತ್ರ ಅಂದುಕೊಂಡಷ್ಟು ತಗ್ಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಸವೆದ ಟೈರ್ ಬದಲಿಸಿದಾಗ ಅದು ಇಳಿಯಿತು. ಇದು ಮೊದಲೇ ಗೊತ್ತಿದ್ದಿದ್ದರೆ ಟೈರ್ ಹಾಕಿಸಿ, ಆಮೇಲೆ ನೆಲದ ಯೋಚನೆ ಮಾಡುತ್ತಿದ್ದೆ. ಗಾಳಿಯನ್ನೂ ನೋಡಿಕೊಳ್ಳಿ. ನಮ್ಮ ಕಾರಿಗೆ ಬೇಕಾದ್ದು 33, ಬಂಕಿನಲ್ಲಿ ಕೇಳದೆ 38 ತುಂಬಿಬಿಡುತ್ತಿದ್ದರು, ರಸ್ತೆಯ ಪ್ರತಿ ಜೋಡಣೆಯೂ ಬಡಿಯುತ್ತಿತ್ತು. ಬಾಗಿಲಂಚಿನ ಹಳೆ ರಬ್ಬರ್ ಬೀಡಿಂಗ್ ಒಣಗಿ ಸೀಳಿದ್ದರೆ ಅದನ್ನೂ ಬದಲಿಸಿ, ಕಡಿಮೆ ಖರ್ಚಿನ ಕೆಲಸ.

ನನಗೆ ತೀರಾ ಇಷ್ಟವಾದದ್ದು ಚಾವಣಿ. 2025ರ ಏಪ್ರಿಲ್‌ನಲ್ಲಿ ಮಾಡಿಸಿದ್ದು. ಜೋರು ಮಳೆ ಬಿದ್ದರೆ ಮೊದಲು ಡಬ್ಬದೊಳಗೆ ಕೂತಂತಿತ್ತು, ಈಗ ದೂರದಲ್ಲೆಲ್ಲೋ ಹುಯ್ಯುತ್ತಿರುವ ಹಾಗೆ ಕೇಳುತ್ತದೆ. ಬಾಗಿಲಾದ ಮೇಲೆ ಎರಡನೆಯದಾಗಿ ಇದನ್ನೇ ಮಾಡಿಸಿ ಅಂತ ಹೇಳುತ್ತೇನೆ. ತೆಳು ಶೀಟ್ ಸಾಕು, ಮೇಲುಗಡೆ ಭಾರ ಹೆಚ್ಚಿಸಬಾರದು.

ಎಲ್ಲ ಸೇರಿ ಸುಮಾರು 25 ಕೆ.ಜಿ. ಏರಿರಬಹುದು. ಮೈಲೇಜಿನಲ್ಲಿ ವ್ಯತ್ಯಾಸ ನನಗೆ ಕಂಡಿಲ್ಲ. ಕನ್ನಡಿಯ ಪಕ್ಕದ ಗಾಳಿ ಸದ್ದು 90 ದಾಟಿದರೆ ಇದ್ದೇ ಇದೆ. 38,000 ಕಿಲೋಮೀಟರ್ ಓಡಿದೆ, ಬ್ಯುಟೈಲ್ ಎಲ್ಲೂ ಬಿಟ್ಟಿಲ್ಲ.

ಕಳೆದ ತಿಂಗಳು ತಪಾಸಣೆ ಮುಗಿಸಿ ವಾಪಸ್ ಬರುವಾಗ ಗಣಂಗೂರು ಟೋಲ್ ದಾಟಿದೆವು. ಅಮ್ಮ ಹಿಂದಿನ ಸೀಟಿನಲ್ಲಿ, ಎರಡೂ ಕಿವಿಯಲ್ಲಿ ಸಾಧನ. ತಮ್ಮ ತವರಿನ ಆಲೆಮನೆಯಲ್ಲಿ ರಾತ್ರಿಯೆಲ್ಲ ಬೆಲ್ಲ ಕಾಯಿಸುತ್ತಿದ್ದ ಕಥೆ ಹೇಳುತ್ತಿದ್ದರು. ನಾನು ಮೆಲ್ಲಗೆ "ಆಮೇಲೆ?" ಅಂದೆ. ಅವರು ಮುಂದುವರಿಸಿದರು.